ಕೊಕ್ಕೆಯ ಎರಡನೇ ಬಾಣ

ಟೀಚರಮ್ಮನಿಗೆ ಭಾನುವಾರವೂ ಬಿಡುವಿಲ್ಲ. ಮೇಜಿನ ಮೇಲೆ ಪಾಲಿಟೆಕ್ನಿಕ್ ಹುಡುಗರ ಉತ್ತರ ಪತ್ರಿಕೆಗಳ ಕಟ್ಟು, ಒಳಕೋಣೆಯಲ್ಲಿ ಲಕ್ವ ಹೊಡೆದು ಮಲಗಿದ ಅಮ್ಮ. ದಿನಕ್ಕೆ ನಾಲ್ಕು ಸಲ ಅಮ್ಮನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಒಬ್ಬಳೇ ಎತ್ತಿ ಎತ್ತಿ, ಏಳು ತಿಂಗಳಲ್ಲಿ ಅವಳ ಸೊಂಟ ಬಿದ್ದುಹೋಗಿತ್ತು.

ಅದಕ್ಕೆಂದೇ ತಮ್ಮ ಬಂದಿದ್ದ. ವೆಲ್ಡಿಂಗ್ ಕೆಲಸದವನು, ವಾರಕ್ಕೊಮ್ಮೆ ಮುಖ ತೋರಿಸಿ ಹೋಗುವ ಆಸಾಮಿ. ಈ ಸಲ ಮಂಚದ ಮೇಲಿನ ಛಾವಣಿಗೆ ಕೊಕ್ಕೆ ಕೂರಿಸಿ, ಅದಕ್ಕೊಂದು ರಾಟೆ ತೂಗುಹಾಕಿದ್ದ. ಹಗ್ಗದ ಒಂದು ತುದಿಗೆ ಅಮ್ಮ ಕೂರುವ ಕ್ಯಾನ್ವಾಸ್ ಜೋಲಿ, ಇನ್ನೊಂದು ತುದಿ ಅಕ್ಕ ಎಳೆಯಲು.

“ಅಮ್ಮ ಇರೋದು ನಲವತ್ತೆರಡು ಕೆಜಿ. ಬರೀ ಕೊಕ್ಕೆಗೆ ಐವತ್ತು ಕೆಜಿ ಸಿಮೆಂಟ್ ಮೂಟೆ ಒಂದು ಗಂಟೆ ನೇತುಹಾಕಿ ನೋಡಿದೀನಿ. ಕಮಕ್ ಕಿಮಕ್ ಅನ್ನಲಿಲ್ಲ. ಇನ್ನು ನಿನ್ನ ಸೊಂಟ ಬಚಾವು ಅಕ್ಕ.”

“ಅಷ್ಟಾದ್ರೆ ಸಾಕಪ್ಪ,” ಎಂದು ಅವಳು ಮತ್ತೆ ಕೆಂಪು ಪೆನ್ನು ಹಿಡಿದಳು.

ಪರೀಕ್ಷೆಯಲ್ಲಿ ಕೇಳಿದ್ದು ಸುಲಭದ ಪ್ರಶ್ನೆ. ಒಬ್ಬ ಹಗ್ಗ ಎಳೆದು, ರಾಟೆಯಿಂದ ಭಾರವನ್ನು ಎತ್ತಿ ಹಿಡಿದಿದ್ದಾನೆ. ರಾಟೆಯ ಫ್ರೀ ಬಾಡಿ ಡಯಾಗ್ರಾಮ್ ಬರೆಯಿರಿ. ಅಂದರೆ ರಾಟೆಯನ್ನಷ್ಟೇ ಬೇರೆ ಮಾಡಿ, ಅದರ ಮೇಲಿನ ಬಲಗಳನ್ನೆಲ್ಲ ಬಾಣ ಹಾಕಿ ತೋರಿಸಬೇಕು. ಮಹಾನುಭಾವರು ಎಲ್ಲರೂ ಕೆಳಕ್ಕೆ ಒಂದೇ ಬಾಣ ಹಾಕಿದ್ದರು, ಭಾರದ್ದು. ಎಳೆಯುವವನ ಬಾಣ ಒಬ್ಬನಿಗೂ ನೆನಪಿಲ್ಲ. ಮೂವತ್ತೊಂದನೇ ಪತ್ರಿಕೆಗೆ ಬರುವಷ್ಟರಲ್ಲಿ ಅವಳ ಕೈ ನಿಂತಿತು. ಒಳಗೆ ತಮ್ಮ ಕಟ್ಟಿದ್ದೂ ಇಂಥದ್ದೇ ರಾಟೆ.

ಹಾಳಾಗಿ ಹೋಗಲಿ, ಹೊಳೆಯಲೇ ಇಲ್ಲ ಅಂದುಕೊಂಡುಬಿಡಲೇ ಎನಿಸಿತು. ಆ ಕೊಕ್ಕೆ ಅವಳಿಗೆ ಅಷ್ಟು ಬೇಕಾಗಿತ್ತು.

“ಬಾ ಅಕ್ಕ, ಜೋಲಿ ಕಟ್ಟಿಯಾಯ್ತು. ಎಳಿ.”

ಅವಳು ಒಳಗೆ ಹೋದಳು. “ಬಿಚ್ಚು.”

ಮಾತ್ರೆಯ ಡಬ್ಬದ ಹಿಂಬದಿಯಲ್ಲಿ ರಾಟೆ ಬರೆದು, ಕೆಳಕ್ಕೆ ಎರಡು ಬಾಣ ಹಾಕಿದಳು. ಒಂದರ ಪಕ್ಕ ‘ಅಮ್ಮ’ ಎಂದು ಬರೆದಳು.

“ಎರಡು ಯಾಕೆ? ತೂಗೋದು ಅಮ್ಮ ಒಬ್ಳೇ ತಾನೆ?” ಎಂದ ತಮ್ಮ.

“ಅಮ್ಮನ್ನ ಎತ್ತಿ ಹಿಡೀಬೇಕಂದ್ರೆ ಈ ಕಡೆಯಿಂದಾನೂ ಅಷ್ಟೇ ಜೋರಾಗಿ ಕೆಳಕ್ಕೆ ಜಗ್ಗಬೇಕಲ್ಲೋ. ಕೊಕ್ಕೆ ಮೇಲೆ ಎಂಬತ್ನಾಲ್ಕು ಕೆಜಿ ಬೀಳುತ್ತೆ.”

ಅವನು ನಂಬಲಿಲ್ಲ. ಜೋಲಿ ಬಿಚ್ಚಿ, ಅಮ್ಮನ ಸಮೇತ ಮಂಚವನ್ನು ಗೋಡೆಗೆ ಸರಿಸಿ, ಅದೇ ಸಿಮೆಂಟ್ ಮೂಟೆಯನ್ನು ಜೋಲಿಗೆ ಹಾಕಿ ಹಗ್ಗ ಜಗ್ಗಿದ. ಮೂಟೆ ಒಂದು ಗೇಣು ಮೇಲೆದ್ದಿತು. ಅಷ್ಟರಲ್ಲಿ ಕೊಕ್ಕೆ ಗಾರೆಯ ಹೆಂಟೆ ಸಮೇತ ಕಿತ್ತುಕೊಂಡು ದಢಾರನೆ ಬಿತ್ತು, ಈಗಷ್ಟೇ ಅಮ್ಮನ ತಲೆದಿಂಬು ಇದ್ದ ಜಾಗಕ್ಕೆ.

ತಮ್ಮ ಆ ಡಬ್ಬವನ್ನು ಕೈಗೆತ್ತಿಕೊಂಡು ನೋಡಿದ.

“ಈ ಬಾಣದ ಪಕ್ಕ ಏನೂ ಬರೆದಿಲ್ವಲ್ಲ?”

“ಅದು ನಾನು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಉಳಿದಿರಲಿಲ್ಲ.

ಅಮ್ಮನನ್ನು ಕುರ್ಚಿಗೆ ಕೂರಿಸುವ ಹೊತ್ತಾಗಿತ್ತು. ಅಭ್ಯಾಸದಂತೆ ಅವಳು ಸೊಂಟದ ಮೇಲೊಂದು ಕೈಯಿಟ್ಟು ಬಗ್ಗಿದಳು. ತಮ್ಮ ಅವಳ ಪಕ್ಕಕ್ಕೆ ಬಂದು ಅಮ್ಮನ ಇನ್ನೊಂದು ಭುಜ ಹಿಡಿದ. ಇಬ್ಬರೂ ಸೇರಿ ಎತ್ತಿದರು.

ಅಮ್ಮ ಇಷ್ಟೇ ಇಷ್ಟು ಹಗುರವೇ ಎಂದುಕೊಂಡಳು. ಏಳು ತಿಂಗಳಿಂದ ಬಾರದಿದ್ದ ಅಳು ಆಗ ಬಂತು.