ಕಂಪನಿ ಸಾಹೇಬನ ಹಿಂಬರಹ

ಮುನೇಶನಿಗೆ ನಾಟಕದ ಮಾತೆಲ್ಲ ಬಾಯಿಪಾಠವಾಗಿತ್ತು. ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ತಾಯಿ ಮಂಗಮ್ಮ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿದ್ದಳು. ಬೆಳಿಗ್ಗೆ ಆಕೆ ಕೇಳಿದ್ದು ಒಂದೇ: "ನನ್ನ ಎಲ್ಲಿ ಮಣ್ಣು ಮಾಡ್ತೀಯಪ್ಪ?" ಊರಿನ ಹನ್ನೆರಡು ಕ್ರೈಸ್ತ ಮನೆಗಳಿಗೆ ಸ್ಮಶಾನವಿರಲಿಲ್ಲ. ಜಾಗ ಕೇಳಿ ಮುನೇಶ್ ಕೊಟ್ಟ ಅರ್ಜಿಗೆ ಹದಿನಾಲ್ಕು ತಿಂಗಳಾಗಿತ್ತು.

ಕ್ರಿಸ್‌ಮಸ್ ನಾಟಕದ ತಾಲೀಮು ನಡೆಯುತ್ತಿದ್ದದ್ದು ಶಿಡ್ಲಘಟ್ಟದ ಕಡೆಯ ಒಂದು ಹುಳುಮನೆಯಲ್ಲಿ. ರೇಷ್ಮೆ ಬೆಳೆ ಇಳಿದು ಖಾಲಿಯಾಗಿತ್ತು. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಾಟಕ ಬರೆದ ರೂಪ ಟೀಚರ್ ಇಸವಿ ತಪ್ಪಿದರೆ ಬಿಡುವವರಲ್ಲ. 1813ಕ್ಕೆ ಮುಂಚೆ ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲದ ಪಾದ್ರಿಯನ್ನು ಬಂದ ಹಾಗೇ ವಾಪಸು ಕಳಿಸಬಹುದಿತ್ತು, ಅದೇ ಕಥೆ. ಪಾದ್ರಿ ಮುನೇಶ್. ಕಂಪನಿ ಸಾಹೇಬ, ಪೌರಾಣಿಕ ನಾಟಕಗಳಲ್ಲಿ ರಾಜನ ಪಾತ್ರಕ್ಕೆ ಹೆಸರಾದ ವೆಂಕಟೇಶ್. ಹಗಲೆಲ್ಲ ಆತ ತಾಲ್ಲೂಕು ಕಚೇರಿಯ ಗುಮಾಸ್ತ. ಮುನೇಶನ ಅರ್ಜಿ ಇದ್ದದ್ದೂ ಆತನ ಮೇಜಿನಲ್ಲೇ.

"ನಿನ್ನ ಬೋಧನೆಯಿಂದ ನಮ್ಮ ವ್ಯಾಪಾರಕ್ಕೆ ಧಕ್ಕೆ! ಬಂದ ಹಡಗಿನಲ್ಲೇ ಹಿಂದಿರುಗು!" ವೆಂಕಟೇಶ್ ಗುಡುಗಿ, ಕಾಗದದ ಮೇಲೆ ಕಾರಣ ಗೀಚಿ, ತಾರೀಕು ಹಾಕಿ, ಸಹಿ ಮಾಡಿ ಎಸೆದ.

ಕಾಗದ ನೋಡಿದ್ದೇ ಮುನೇಶನಿಗೆ ಮುಂದಿನ ಮಾತು ಮರೆತುಹೋಯಿತು.

"ಸಾರ್, ನನ್ನ ಅರ್ಜಿಗೂ ಹಿಂಗೇ ಒಂದು ಬರ್ದು ಕೊಡಿ."

"ನಾನೇನು ಆಗಲ್ಲ ಅಂದಿದ್ದೀನೇನಪ್ಪ?"

"ಅನ್ನಲ್ಲ, ಅದೇ ತೊಂದ್ರೆ. ಆಗುತ್ತೆ ಅಂತಾನೂ ಅನ್ನಲ್ಲ. ಆಗಲ್ಲ ಅಂತ ಬರೆದ್ರೆ ಮೇಲಿನೋರಿಗೆ ಅಪೀಲು ಹಾಕ್ತೀನಿ. ಬರೀ ಬಾಯಿಮಾತು ಹಿಡ್ಕೊಂಡು ಎಲ್ಲಿಗೆ ಹೋಗ್ಲಿ?"

"ಹಂಗಾದ್ರೆ ಕಂಪನಿಯೋರೇ ವಾಸಿ ಅನ್ನು," ಎಂದರು ರೂಪ ಟೀಚರ್. ಎಲ್ಲರೂ ನಕ್ಕರು.

"ಸರಿ, ನಾಳೆ ಬಾ," ಎಂದುಬಿಟ್ಟ ವೆಂಕಟೇಶ್. ನಗು ಇನ್ನೂ ಜೋರಾಯಿತು. ಅವನು ನಗದೆ ಸಾಹೇಬನ ಟೋಪಿ ತೆಗೆದ. "ನಿಜವಾಗ್ಲೂ ಬಾರೋ. ತಹಸೀಲ್ದಾರ್ ಸಹಿ ಹಾಕಿಸ್ತೀನಿ. ಆದ್ರೆ ಆಗಲ್ಲ ಅಂತಲೇ ಬರುತ್ತೆ ಕಣೋ."

"ಬರ್ಲಿ ಬಿಡಿ ಸಾರ್."

ಮಾರನೆಯ ದಿನ ಕಚೇರಿ ಬಾಗಿಲು ತೆಗೆಯುವ ಮುಂಚೆಯೇ ಮುನೇಶ್ ಅಲ್ಲಿದ್ದ. ಕೂತ, ಎದ್ದ, ಎರಡು ಸಲ ಟೀ ಕುಡಿದ. ಎರಡು ಗಂಟೆಗೆ ಹಿಂಬರಹ ಕೈಗೆ ಬಂತು: ಸರ್ಕಾರಿ ಜಮೀನು ಲಭ್ಯವಿಲ್ಲದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ. ನಂಬರು, ತಾರೀಕು, ಮೊಹರು ಎಲ್ಲ ಇತ್ತು. ಅರ್ಜಿಯಲ್ಲಿ ಕೇಳಿದ್ದ, ಬಂಡೆ ಪಕ್ಕದ ಎರಡು ಎಕರೆಯ ಪಹಣಿ ಅವನ ಚೀಲದಲ್ಲಿತ್ತು. ಅದರಲ್ಲಿ 'ಸರ್ಕಾರಿ ಬೀಳು' ಎಂದೇ ನಮೂದಾಗಿತ್ತು.

"ಜಾಗ ಕೊಟ್ರಾ?" ಆಸ್ಪತ್ರೆಯಲ್ಲಿ ಮಂಗಮ್ಮ ಕೇಳಿದಳು.

"ಇಲ್ಲ ಅಂದ್ರಮ್ಮ. ಬರೆದೇ ಕೊಟ್ರು!"

ಮಗನ ಮುಖದ ಗೆಲುವು ಕಂಡು ಅವಳು ಕಣ್ಣು ಕಿರಿದು ಮಾಡಿದಳು. "ಹಂಗಾದ್ರೆ ನಾನಿನ್ನೂ ಸ್ವಲ್ಪ ದಿನ ಕಾಯ್ಬೇಕು ಅನ್ನು."

"ಕಾಯಮ್ಮ," ಎಂದ ಮುನೇಶ್, ಕೂರದೆಯೇ. ಅಪೀಲು ತೆಗೆದುಕೊಳ್ಳುವ ಕಚೇರಿ ಮುಚ್ಚಲು ಮುಕ್ಕಾಲು ಗಂಟೆ ಉಳಿದಿತ್ತು.