ಹದಿನಾಲ್ಕನೇ ಷರತ್ತು

ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಷರತ್ತಿನ ಮೇಷ್ಟ್ರು ಲೋಕಕ್ಕೆಲ್ಲ ಬುದ್ಧಿ ಹೇಳುತ್ತಿದ್ದರು. ಮೇಷ್ಟ್ರು ಅಂದರೆ ಪಾಠ ಮಾಡಿದವರೇನಲ್ಲ. ಮೂವತ್ತೈದು ವರ್ಷ ಒಂದು ಕಚೇರಿಯ ವರಾಂಡದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕಂಡಕಂಡವರ ಕರಾರು ಪತ್ರ ಬರೆದುಕೊಟ್ಟವರು. ನಿವೃತ್ತರಾದ ಮೇಲೆ ಹೊತ್ತು ಹೋಗದೆ, ಗ್ರಂಥಾಲಯದ ಮೂಲೆಯಲ್ಲೊಂದು ಮೇಜು ಹಾಕಿಕೊಂಡು ಬಾಡಿಗೆದಾರರಿಗೆ, ವಯಸ್ಸಾದವರಿಗೆ, ಕಂತು ಕಟ್ಟಲಾಗದೆ ಕಂಗಾಲಾದವರಿಗೆ ಪುಕ್ಕಟೆ ಸಲಹೆ ಕೊಡತೊಡಗಿದರು. ಮೇಜಿನ ಮೇಲೊಂದು ಹಲಗೆ. ಅದರ ಮೇಲೆ ಅವರದೇ ದುಂಡಗಿನ ಅಕ್ಷರ: ‘ಓದದೆ ಸಹಿ ಹಾಕಬೇಡಿ. ನೋಟೀಸು ಬಂದರೆ ಗಾಬರಿಯಾಗಬೇಡಿ.’

ಸೋಮವಾರ ಅವರಿಗೇ ನೋಟೀಸು ಬಂತು. ಗಾಬರಿಗೆ ಕನ್ನಡಕ ಜಾರಿ ಕಾಫಿ ಲೋಟದೊಳಗೆ ಬಿತ್ತು.

ಮಹಡಿಯ ಮೇಲಿದ್ದ ಮನೆ ಒಡತಿ ಕಳಿಸಿದ್ದು. ತಮ್ಮ ಬರುತ್ತಿದ್ದಾನೆ, ಕೆಳಗಿನ ಮನೆ ಅವನಿಗೆ ಬೇಕು, ಕರಾರಿನ ಹದಿನಾಲ್ಕನೇ ಷರತ್ತಿನ ಪ್ರಕಾರ ಹದಿನೈದು ದಿನದೊಳಗೆ ಖಾಲಿ ಮಾಡಿ ಎಂದಿತ್ತು. ಮೇಷ್ಟ್ರ ಹೆಂಡತಿಗೆ ಮಂಡಿಯ ಆಪರೇಷನ್ ಆಗಿ ಮೂರು ವಾರ. ಮೆಟ್ಟಿಲು ಹತ್ತಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ನೆಲಮಹಡಿಯ ಈ ಮನೆ ಸಿಗಲಿಕ್ಕೇ ಎಂಟು ತಿಂಗಳು ಅಲೆದಿದ್ದರು. ಇನ್ನು ಹದಿನೈದು ದಿನದಲ್ಲಿ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು?

ಷರತ್ತನ್ನು ಓದಬೇಕಾದ ಕಷ್ಟವೇ ಇರಲಿಲ್ಲ. ‘ಬಾಡಿಗೆದಾರರು, ಮಾಲೀಕರು ಕೇಳಿದ ಹದಿನೈದು ದಿನದೊಳಗೆ, ಕಾರಣ ಕೇಳದೆ, ಚಕಾರವೆತ್ತದೆ, ಮನೆಯನ್ನು ಖಾಲಿ ಮಾಡತಕ್ಕದ್ದು.’ ಮೂವತ್ತು ವರ್ಷದ ಹಿಂದೆ ಸ್ಟೇಷನರಿ ಅಂಗಡಿಯವನೊಬ್ಬ ಅಚ್ಚು ಹಾಕಿಸಲು ಒಂದು ಕರಾರಿನ ನಮೂನೆ ಬೇಕು ಅಂದಾಗ ಇದನ್ನು ಬರೆದುಕೊಟ್ಟ ಪುಣ್ಯಾತ್ಮರು ಮೇಷ್ಟ್ರೇ. ಆ ‘ಚಕಾರವೆತ್ತದೆ’ ಹೊಳೆದ ದಿನ ಅವರಿಗೆ ಕೊಂಬು ಮೂಡಿತ್ತು. ಆಮೇಲೆ ಊರಿನ ಅರ್ಧಕ್ಕರ್ಧ ಮನೆಗಳು ಬಾಡಿಗೆಗೆ ಹೋದದ್ದು ಅದೇ ಫಾರಮ್ಮಿನ ಮೇಲೆ.

ಎರಡು ವರ್ಷದ ಹಿಂದೆ ಈ ಒಡತಿಯೂ ಅದೇ ಫಾರಮ್ಮು ಮುಂದಿಟ್ಟಾಗ ಮೇಷ್ಟ್ರ ಎದೆ ಉಬ್ಬಿತ್ತು. “ನಾನೇ ಬರೆದದ್ದನ್ನ ನಾನೇ ಓದೋದಾ?” ಎಂದು ನಕ್ಕು, ಹೆಂಡತಿ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಟಪಟಪನೆ ಸಹಿ ಜಡಿದಿದ್ದರು.

ನೋಟೀಸನ್ನು ದಿಂಬಿನ ಕೆಳಗೆ ತುರುಕಿ ಮೂರು ದಿನ ತಲೆ ಕೆರೆದುಕೊಂಡರು. ಭಾನುವಾರ ಬರುವವರಿಗಾದರೆ “ಅಚ್ಚಾದದ್ದೆಲ್ಲ ಕಾನೂನಲ್ಲ, ಮೊದಲು ಒಬ್ಬ ವಕೀಲರಿಗೆ ತೋರಿಸಿ” ಎಂದು ಧೈರ್ಯ ಹೇಳುತ್ತಿದ್ದರು. ಈಗ ಮನೆ ಉಳಿಯಬೇಕಾದರೆ ತಮ್ಮ ಷರತ್ತೇ ಪೊಳ್ಳಾಗಬೇಕು. ಅದು ಪೊಳ್ಳು ಎಂದು ಒಪ್ಪಿಕೊಳ್ಳಲು ಮಾತ್ರ ಈ ಮಹಾನುಭಾವರಿಗೆ ಮನಸ್ಸೇ ಬರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಹೆಂಡತಿ ಕಾಲು ಚಾಚಿಕೊಂಡು ಕೂತವಳೇ ಕೇಳಿದಳು. “ರೀ, ದಿಂಬಿನ ಕೆಳಗಿಟ್ಟು ಎಷ್ಟು ದಿನ ಕಾವು ಕೊಡ್ತೀರಾ ಆ ನೋಟೀಸಿಗೆ? ಮರಿ ಆಗುತ್ತಾ?”

“ನಿನಗೆ ಗೊತ್ತಾ?”

“ಹಾಸಿಗೆ ಕೊಡವೋಳು ನಾನೇ ತಾನೆ. ಬೀರುವಿನಲ್ಲಿ ಬಿಳಿ ಕವರಿದೆ, ತನ್ನಿ.”

ಕವರಿನಲ್ಲಿ ಕರಾರು ಪತ್ರವಿತ್ತು. ಹದಿನಾಲ್ಕನೇ ಷರತ್ತಿನ ಮೇಲೆ ಸ್ಕೇಲಿಟ್ಟು ಎಳೆದ ಎರಡು ಗೀಟು. ಪಕ್ಕದಲ್ಲಿ ಒಡತಿಯ ಸಹಿ, ಅದರ ಕೆಳಗೆ ಮೇಷ್ಟ್ರದೇ ಬಾಲ ಬಿಟ್ಟ ಸಹಿ.

“ಇದು... ಇದು ನನ್ನ ಸಹಿ!”

“ಮತ್ತೆ ಯಾರ್ದು? ಓದಿದ್ರೆ ತಾನೆ ಗೊತ್ತಾಗೋದು. ಸಹಿ ಹಾಕೋ ಹಿಂದಿನ ದಿನವೇ ನಾನು ಅವರ ಹತ್ರ ಹೋಗಿ, ಇದು ಇದ್ರೆ ನಾವು ಬರಲ್ಲ ಅಂದೆ. ಅವರೂ ಓದಿರಲಿಲ್ಲ. ಓದಿ ನಾಚ್ಕೊಂಡು ಎರಡು ಪ್ರತಿಯಲ್ಲೂ ಹೊಡೆದು ಹಾಕಿದ್ರು. ಈಗ ಮರೆತಿದ್ದಾರೆ, ಅಷ್ಟೇ.”

“ನನಗೊಂದು ಮಾತು ಹೇಳಬಾರದಿತ್ತಾ?”

ಅವಳು ಮಂಡಿ ನೀವಿಕೊಂಡಳು. “ನಮ್ಮಕ್ಕ ಇದೇ ಷರತ್ತು ಹಿಡ್ಕೊಂಡು ನಿಮ್ಮ ಹತ್ರ ಬಂದಿದ್ದು ನೆನಪಿದೆಯಾ? ‘ಬರವಣಿಗೆ ಗಟ್ಟಿಯಾಗಿದೆ ಅತ್ತಿಗೆ, ಏನೂ ಮಾಡೋಕಾಗಲ್ಲ’ ಅಂದ್ರಿ. ಪಾತ್ರೆ ಪಗಡ ಸಮೇತ ಹನ್ನೊಂದು ದಿನ ನಮ್ಮನೇಲಿ ಇದ್ಲು. ಆ ಮಾತು ಹೇಳುವಾಗ ನಿಮ್ಮ ಮುಖದಲ್ಲಿ ಸಣ್ಣ ಖುಷಿ ಇತ್ತು ಕಣ್ರೀ. ಅವತ್ತೇ ಅಂದ್ಕೊಂಡೆ, ನಾನಿರೋ ಮನೇಲಿ ಇದು ಇರಬಾರದು ಅಂತ.”

ಮೇಷ್ಟ್ರಿಗೆ ನಾಚಿಕೆಯಾಯಿತು. ಲೋಕಕ್ಕೆ ತೋರಿಸಲು ಆಗಾಗ ಪಡುತ್ತಿದ್ದ ನಾಚಿಕೆಯಲ್ಲ, ನಿಜವಾದದ್ದು.

ಪತ್ರ ಹಿಡಿದುಕೊಂಡು ಮೇಲೆ ಹೋದರು. ಒಡತಿ ತಮ್ಮದೇ ಸಹಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ಮೇಷ್ಟ್ರೇ, ನನ್ನ ತಮ್ಮ ಅಂಗಡಿಯಿಂದ ಖಾಲಿ ಫಾರಂ ತಂದು ಅದನ್ನ ನೋಡ್ಕೊಂಡು ನೋಟೀಸು ಬರೆದ. ಮಾತು ಕೊಟ್ಟಿದ್ದೆ ನಾನು. ಅವನು ಬೇರೆ ಮನೆ ನೋಡ್ಕೊಳ್ತಾನೆ ಬಿಡಿ, ನಿಮ್ಮನೆಯವರು ಮೊದಲು ಹುಷಾರಾಗ್ಲಿ.” ಮನೆ ಉಳಿಯಿತು. ಮೇಷ್ಟ್ರು ಮಾತ್ರ ಗೆದ್ದವರ ಹಾಗೆ ಇಳಿದು ಬರಲಿಲ್ಲ.

ಕೆಳಗೆ ಬಂದವರೇ ಅತ್ತಿಗೆಗೆ ಫೋನು ಮಾಡಿದರು. ಕುಶಲ ಕೇಳಿದರು, ಕೆಮ್ಮಿದರು, ಇನ್ನೊಮ್ಮೆ ಕುಶಲ ಕೇಳಿದರು.

“ಅತ್ತಿಗೆ, ನಿಮ್ಮ ಮನೆ ಬಿಡಿಸಿದ ಆ ಷರತ್ತು ಇತ್ತಲ್ಲ... ಅದನ್ನ ಬರೆದವನು ನಾನೇ.”

“ಗೊತ್ತಿತ್ತು.”

“ಇವಳು ಹೇಳಿದ್ಳಾ?”

“ಯಾರು ಹೇಳಬೇಕು? ಅವತ್ತು ಕಾಗದ ನಿಮ್ಮ ಕೈಲಿತ್ತು, ನೀವು ನೋಡ್ತಾ ಇದ್ದದ್ದು ಕಿಟಕಿ ಕಡೆ. ಷರತ್ತನ್ನ ಒಂದಕ್ಷರ ತಪ್ಪದೆ ಒಪ್ಪಿಸಿದ್ರಿ.”

ಮೂವತ್ತೈದು ವರ್ಷ ಊರಿಗೆಲ್ಲ ಮಾತು ಬರೆದುಕೊಟ್ಟವರು ಇನ್ನೊಮ್ಮೆ ಕೆಮ್ಮಿದರು.

“ಸರಿ, ಈಗಲಾದ್ರೂ ಹೇಳಿದ್ರಲ್ಲ,” ಅಂದರು ಅತ್ತಿಗೆ. “ಫೋನು ಅವಳಿಗೆ ಕೊಡಿ. ಮಂಡಿ ಹೇಗಿದೆ ಕೇಳಬೇಕು.”