ಬೆಳ್ಳಿ ಮಣ್ಣು

ಆ ವರ್ಷದ ಜನವರಿಯಲ್ಲಿ ಗಂಡ ಹೆಂಡತಿ ಇಬ್ಬರೂ ಊರಾಚೆಯ ಕೆರೆಯಲ್ಲಿ ಹಕ್ಕಿ ಎಣಿಸುವ ಕೆಲಸಕ್ಕೆ ಹೆಸರು ಕೊಟ್ಟರು. ಅವನು ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು. ಅವಳು ಲ್ಯಾಬೊಂದರಲ್ಲಿ ಬೆಳಗಿನಿಂದ ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವವಳು. "ವಾರವೆಲ್ಲ ನೀನು ರಕ್ತ ನೋಡ್ತೀಯ, ನಾನು ಗಾಜು ನೋಡ್ತೀನಿ. ಒಂದು ದಿನವಾದ್ರೂ ಆಕಾಶ ನೋಡೋಣ" ಎಂದು ಹೊರಡಿಸಿದ್ದು ಅವನೇ.

ಕೆರೆಯ ಉಸ್ತುವಾರಿ ನಿವೃತ್ತ ಮೇಷ್ಟ್ರೊಬ್ಬರದು. ಭಾನುವಾರ ಬೆಳಗ್ಗೆ ಆರಕ್ಕೆ ಎಂಟು ಹತ್ತು ಜನ ಸೇರುತ್ತಿದ್ದರು. ಇವರಿಬ್ಬರ ಪಾಲಿಗೆ ಬಂದದ್ದು ಕೆರೆಯ ಪಡುವಣ ಅಂಚು. ಅವನು ದುರ್ಬೀನಿನಲ್ಲಿ ನೋಡಿ ಹೇಳಬೇಕು, ಅವಳು ಬರೆದುಕೊಳ್ಳಬೇಕು. ಮೊದಲ ವಾರ ಬಾತುಗಳೇ ಮುನ್ನೂರು ದಾಟಿದ್ದವು.

ಐದು ವರ್ಷದ ಮಗಳು ಚುಕ್ಕಿಯನ್ನು ಅಷ್ಟು ಹೊತ್ತಿಗೆ ಎಬ್ಬಿಸಿ ಕರೆದುಕೊಂಡು ಹೋಗುವಂತಿರಲಿಲ್ಲ. ಪಕ್ಕದ ಬೀದಿಯಲ್ಲೇ ಹೆಂಡತಿಯ ತಮ್ಮನ ಮನೆ. ಹಿಂದಿನ ವರ್ಷವಷ್ಟೇ ಮದುವೆಯಾಗಿತ್ತು. ಅವನ ಹೆಂಡತಿ ಬೇಕರಿಯಲ್ಲಿ ಕೆಲಸಕ್ಕಿದ್ದವಳು, ಭಾನುವಾರವೂ ರಜೆಯಿರಲಿಲ್ಲ. ತಮ್ಮನಿಗೆ ಸೋದರ ಸೊಸೆಯೆಂದರೆ ಜೀವ. "ನೀವು ಹಕ್ಕಿ ಎಣಿಸ್ಕೊಂಡು ಬನ್ನಿ ಭಾವ, ಈ ಹಕ್ಕೀನ ನಾನು ನೋಡ್ಕೋತೀನಿ" ಎನ್ನುತ್ತಿದ್ದ. ಕೆರೆಯ ಏರಿಯ ಆಚೆ, ಎತ್ತರದ ಗೋಡೆಯ ಹಿಂದೆ, ಹಳೆಯ ಬ್ಯಾಟರಿಗಳನ್ನು ಒಡೆದು ಒಳಗಿನ ಸೀಸ ಕರಗಿಸುವ ಶೆಡ್ಡೊಂದಿತ್ತು. ಅವನ ಕೆಲಸ ಅಲ್ಲೇ.

ಮಾರ್ಚಿನ ಮೊದಲ ಭಾನುವಾರ ಪಡುವಣ ಅಂಚಿನಲ್ಲಿ ಒಂದು ಬಾತು ಕೂತಿತ್ತು. ಇವರು ಹತ್ತಿರ ಹೋದರೂ ಏಳಲಿಲ್ಲ. ರೆಕ್ಕೆಗಳು ಬೆನ್ನ ಮೇಲೆ ಮಡಚಿಕೊಳ್ಳದೆ ಎರಡೂ ಕಡೆ ಇಳಿಬಿದ್ದಿದ್ದವು. ಅವನು ಕೈಗೆತ್ತಿಕೊಂಡ. ಎದೆಯ ಮೂಳೆ ಚಾಕುವಿನ ಅಂಚಿನಂತೆ ಬೆರಳಿಗೆ ಸಿಕ್ಕಿತು. ಮನೆಗೆ ತರುವಷ್ಟರಲ್ಲಿ ಸತ್ತಿತು. ಮುಂದಿನ ವಾರ ನಾಲ್ಕು. ಅದರ ಮುಂದಿನ ವಾರ ಮೇಷ್ಟ್ರು ಗೋಣಿಚೀಲ ತಂದಿದ್ದರು.

"ಬಿಸಿಲಿಗೆ ಇರಬೇಕು" ಎಂದರು ಯಾರೋ.

"ಬಿಸಿಲು ಇವತ್ತು ಹುಟ್ಟಿದ್ದಲ್ಲ" ಎಂದರು ಮೇಷ್ಟ್ರು.

ಮನೆಯಲ್ಲಿ ಚುಕ್ಕಿ ಹೊಟ್ಟೆನೋವು ಎನ್ನತೊಡಗಿದ್ದಳು. ಊಟ ಸೇರುತ್ತಿರಲಿಲ್ಲ. ಮಾತುಮಾತಿಗೆ ಸಿಡುಕು. ಡಾಕ್ಟರು ಜಂತುಹುಳದ ಔಷಧಿ ಬರೆದುಕೊಟ್ಟರು. ಏಪ್ರಿಲ್‌ನಲ್ಲಿ ಶಾಲೆಯ ಟೀಚರು ಕರೆಸಿ, "ಡಿಸೆಂಬರ್‌ನಲ್ಲಿ ತನ್ನ ಹೆಸರು ತಾನೇ ಬರೀತಿದ್ಲು. ಈಗ ಮೊದಲ ಅಕ್ಷರ ಬರೆದು ಸುಮ್ಮನೆ ಕೂತುಬಿಡ್ತಾಳೆ" ಎಂದರು. ದಾರಿಯುದ್ದಕ್ಕೂ ಅವಳು ಮಗಳ ಕೈ ಬಿಡಲಿಲ್ಲ. "ಮಕ್ಕಳಲ್ವಾ, ಮರೀತಾರೆ" ಎಂದ ಗಂಡ. ಅವನ ದನಿಯಲ್ಲಿ ಅವನಿಗೇ ನಂಬಿಕೆಯಿರಲಿಲ್ಲ.

ಮೇ ತಿಂಗಳಲ್ಲಿ ಮೂವರೂ ಹನ್ನೊಂದು ಗಂಟೆಯ ರೈಲು ಪ್ರಯಾಣ ಮಾಡಿ ಕಡಲತೀರದ ಒಂದು ಜೌಗಿಗೆ ಹೋದರು. ಅಲ್ಲಿ ಗಾಯಗೊಂಡ ಹಕ್ಕಿಗಳ ಆಸ್ಪತ್ರೆಯಿತ್ತು. ಎರಡು ವಾರ ಕೆಲಸ ಮಾಡಿಕೊಟ್ಟರೆ ಊಟ, ವಸತಿ ಅವರದೇ. ಗಂಡ ಪಂಜರ ತೊಳೆದ. ಅವಳ ಕೈ ಸೂಜಿಗೆ ಪಳಗಿದ್ದರಿಂದ ಹಕ್ಕಿಗಳ ರಕ್ತ ತೆಗೆಯುವ ಕೆಲಸ ಅವಳಿಗೆ ಬಿತ್ತು. ಮೊದಮೊದಲು ಚುಕ್ಕಿ ಅಳುತ್ತಲೇ ಇದ್ದಳು. ಎರಡನೆಯ ವಾರ ಹೊಟ್ಟೆ ಹಿಡಿದುಕೊಳ್ಳುವುದು ಕಡಿಮೆಯಾಯಿತು. ಒಂದು ಸಂಜೆ ಎರಡನೇ ಸಲ ಅನ್ನ ಹಾಕಿಸಿಕೊಂಡಳು. "ಗಾಳಿ ಬದಲಾಯ್ತು ನೋಡು" ಎಂದು ಗಂಡ ಹಿಗ್ಗಿದ.

ಹೊರಡುವ ಹಿಂದಿನ ದಿನ ಅವಳು ತಮ್ಮ ಕೆರೆಯ ಬಾತುಗಳ ಫೋಟೋಗಳನ್ನು ಅಲ್ಲಿನ ಡಾಕ್ಟರಮ್ಮನಿಗೆ ತೋರಿಸಿದಳು. ಆಕೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಮನೆ ಮಾಡಿನ ಹಾಗೆ ಇಳಿದ ರೆಕ್ಕೆ. ಬಾಲದ ಕೆಳಗೆ ಹಸಿರು ಕಲೆ. ಇದು ಸೀಸದ ವಿಷ ಕಣಮ್ಮ. ಕೆರೆ ಹತ್ತಿರ ಬ್ಯಾಟರಿ ಒಡೆಯೋ ಜಾಗ ಏನಾದ್ರೂ ಇದೆಯಾ?"

"ಇದೆ" ಎಂದಳು.

"ಹಾಗಾದ್ರೆ ಹಕ್ಕಿ ಮೊದಲು ಹೇಳಿದೆ ಅಷ್ಟೆ. ಅಕ್ಕಪಕ್ಕದ ಮಕ್ಕಳನ್ನ ನೋಡಿ. ಹೊಟ್ಟೆನೋವು, ಸಿಡುಕು, ಕಲಿತದ್ದು ಮರೆಯೋದು."

ಅವಳು ಅಲ್ಲಿಂದ ಎದ್ದು ಬಂದಳು. ಹೊರಗೆ ಗಂಡ ಪಂಜರಕ್ಕೆ ನೀರು ಸುರಿಯುತ್ತಿದ್ದ. ಚುಕ್ಕಿ ಪಕ್ಕದಲ್ಲಿ ಕೂತು ಒದ್ದೆ ಮಣ್ಣನ್ನು ಉಂಡೆ ಕಟ್ಟುತ್ತಿದ್ದಳು. ಅಮ್ಮ ಬಂದದ್ದು ಕಂಡು, "ಈ ಮಣ್ಣು ಚೆನ್ನಾಗಿಲ್ಲಮ್ಮ" ಎಂದಳು.

"ಯಾವುದು ಚೆನ್ನಾಗಿದೆ ಪುಟ್ಟಾ?"

"ಮಾಮನ ಶೆಡ್ಡಲ್ಲಿರೋದು. ಬೆಳ್ಳಿ ಮಣ್ಣು. ಉಂಡೆ ಗಟ್ಟಿಯಾಗಿ ನಿಲ್ಲತ್ತೆ. ಭಾನುವಾರ ಅಲ್ಲಿ ಯಾರೂ ಇರಲ್ಲ, ನಾನೂ ಮಾಮನೂ ಇಬ್ರೇ."

ಗಂಡನ ಕೈಯ ಪೈಪು ಹಾಗೇ ನಿಂತಿತು. ನೀರು ಅವನ ಕಾಲ ಮೇಲೇ ಹರಿಯುತ್ತಿತ್ತು.

ಮರಳಿದ ಮರುದಿನವೇ ಅವಳು ಮಗಳನ್ನು ಲ್ಯಾಬಿಗೆ ಕರೆದೊಯ್ದಳು. ದಿನಕ್ಕೆ ಅರವತ್ತು ತೋಳು ಕಂಡ ಕೈಗೆ ಅಂದು ನರ ಸಿಗಲಿಲ್ಲ. ಜೊತೆಯವಳು ಸೂಜಿ ಇಸಿದುಕೊಂಡು ತಾನೇ ತೆಗೆದಳು. ಸೀಸದ ಪರೀಕ್ಷೆ ಅಲ್ಲಿ ಆಗುತ್ತಿರಲಿಲ್ಲ, ದೊಡ್ಡ ಲ್ಯಾಬಿಗೆ ಕಳಿಸಬೇಕಿತ್ತು. ನಾಲ್ಕನೆಯ ದಿನ ವರದಿ ಬಂತು. ಐದನ್ನು ದಾಟಬಾರದಿದ್ದ ಅಂಕಿ ಮೂವತ್ತೆಂಟಿತ್ತು.

ತಮ್ಮನನ್ನು ಮನೆಗೆ ಕರೆಸಿದರು. ಅವನು ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಭಾನುವಾರ ಕಾವಲಿಗೆ ನನ್ನ ಪಾಳಿ ಹಾಕಿದ್ರು ಅಕ್ಕಾ. ಒಲೆ ಉರಿಸಲ್ವಲ್ಲ, ಹೊಗೆ ಇರಲ್ವಲ್ಲ ಅಂತ ಕರ್ಕೊಂಡು ಹೋದೆ. ಒಂದು ಮೂಲೇಲಿ ಆಡ್ಕೊಂಡಿರ್ತಿದ್ಲು."

"ನಮಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಕೆರೆಗೆ ಹೋಗೋದು ಬಿಡ್ತಿದ್ರಿ. ಎಷ್ಟು ಆಸೆಯಿಂದ ಹೋಗ್ತಿದ್ರಿ." ಅವನು ಭಾವನ ಕಡೆ ತಿರುಗಿದ. "ನಾನೂ ಆರು ವರ್ಷದಿಂದ ಅಲ್ಲೇ ಇದ್ದೀನಿ. ನನಗೇನಾಗಿದೆ?"

ಹಾಗೆನ್ನುವಾಗ ಅವನ ಕೈಯ ಹಾಳೆ ಸಣ್ಣಗೆ ಅದುರುತ್ತಿತ್ತು. ಅಕ್ಕ ಆ ಕೈಯನ್ನೇ ನೋಡುತ್ತಿದ್ದಳು. ಅವನು ಹಾಳೆಯನ್ನು ಮೇಜಿನ ಮೇಲಿಟ್ಟು ಕೈಯನ್ನು ಜೇಬಿಗೆ ಹಾಕಿಕೊಂಡ.

ಅವಳು ಬೈಯಲಿಲ್ಲ. ಬೈಯಲು ಹೊರಟರೆ ಮೊದಲು ತನ್ನನ್ನೇ ಬೈದುಕೊಳ್ಳಬೇಕಿತ್ತು. ಏರಿಯ ಈಚೆ ತಾನು ಬಾತುಗಳ ಲೆಕ್ಕ ಬರೆಯುವಾಗ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಗೋಡೆಯ ಆಚೆ ಮಗಳು ವಿಷದಲ್ಲಿ ಆಡುತ್ತಿದ್ದಳು. ನಾಲ್ಕು ತಿಂಗಳು. ಹದಿನೆಂಟು ಭಾನುವಾರ.

"ದೂರು ಕೊಡ್ತೀವಿ" ಎಂದ ಗಂಡ.

"ನಲವತ್ತು ಮನೆ ಅನ್ನಕ್ಕೆ ಕಲ್ಲು ಬೀಳತ್ತೆ ಭಾವ. ಮೊದಲನೇದು ನನ್ನದೇ."

"ಗೊತ್ತು ಕಣೋ."

"ಗೊತ್ತಿದ್ರೂ ಕೊಡ್ತೀರಾ?"

ಗಂಡ ಅವಳ ಕಡೆ ನೋಡಿದ. "ಕೊಡ್ತೀವಿ" ಎಂದಳು ಅವಳು. ತಮ್ಮ ಎದ್ದು ಹೋದ. ಒಳಗಿನಿಂದ ಚುಕ್ಕಿ "ಮಾಮಾ" ಎಂದು ಓಡಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಸತ್ತ ಹಕ್ಕಿಗಳ ಬಗ್ಗೆ ಮೇಷ್ಟ್ರ ಹತ್ತು ವಾರದ ಪಟ್ಟಿ, ಕಡಲತೀರದ ಡಾಕ್ಟರಮ್ಮನ ಪತ್ರ, ಚುಕ್ಕಿಯ ವರದಿ ಮೂರನ್ನೂ ಸೇರಿಸಿ ಕೊಟ್ಟರು. ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಯಿತು. ಜುಲೈ ಕೊನೆಗೆ ಶೆಡ್ಡಿಗೆ ಬೀಗ ಬಿತ್ತು. ಅಂದಿನಿಂದ ಬೀದಿಯಲ್ಲಿ ಕೆಲವರು ಇವರನ್ನು ಕಂಡರೆ ಮುಖ ತಿರುಗಿಸಿದರು. ಒಂದು ಬೆಳಗ್ಗೆ ಕನ್ನಡಕದ ಅಂಗಡಿಯ ಗಾಜು ಒಡೆದಿತ್ತು. ಮಾಲೀಕರು ಅವನನ್ನು ಏನೂ ಕೇಳಲಿಲ್ಲ, ಆದರೆ ಅಂದಿನಿಂದ ಮಾತು ಕಡಿಮೆ ಮಾಡಿದರು. ಆಗಸ್ಟ್‌ನಲ್ಲಿ ತಮ್ಮ ಮನೆ ಖಾಲಿ ಮಾಡಿದ. ಎಲ್ಲಿಗೆ ಎಂದು ಹೇಳಲಿಲ್ಲ.

ಚುಕ್ಕಿಯ ಅಂಕಿ ಮೆಲ್ಲಗೆ ಇಳಿಯಿತು. ಇಪ್ಪತ್ತೊಂಬತ್ತು, ಇಪ್ಪತ್ತೆರಡು. ಅಕ್ಷರಗಳು ಅಷ್ಟು ಬೇಗ ಮರಳಲಿಲ್ಲ. ಗಂಡ ದಿನಾ ಸಂಜೆ ಅವಳ ಬೆರಳು ಹಿಡಿದು ಹೆಸರು ಬರೆಸುತ್ತಿದ್ದ. ಎರಡನೆಯ ಅಕ್ಷರಕ್ಕೆ ಬಂದಾಗ ಅವಳು ಅಪ್ಪನ ಮುಖ ನೋಡುತ್ತಿದ್ದಳು.

ನವೆಂಬರಿನಲ್ಲಿ ಲ್ಯಾಬಿಗೆ ಬಂದ ಲಾರಿ ಡ್ರೈವರೊಬ್ಬ ತೋಳು ಚಾಚುತ್ತ, "ನಿಮ್ಮ ತಮ್ಮ ನದಿ ಮೇಲಿನ ಊರಲ್ಲಿದ್ದಾನಲ್ಲ. ಅದೇ ಧಣಿಯ ಹೊಸ ಶೆಡ್ಡು, ಬೋರ್ಡು ಮಾತ್ರ ಬೇರೆ" ಎಂದ. ಆ ನದಿಯೇ ಇವರ ಊರಿನ ನಲ್ಲಿಗೂ ಬರುತ್ತಿತ್ತು.

ಭಾನುವಾರ ಗಂಡ ಹೆಂಡತಿ ಕೆರೆಗೆ ಹೋಗದೆ ಬಸ್ಸು ಹಿಡಿದರು. ತಮ್ಮನ ಹೊಸ ಮನೆ ಒಂದೇ ಕೋಣೆಯದು. ಹೊಸ ಶೆಡ್ಡಿನ ಗೋಡೆ ಎದುರಿಗೇ ಕಾಣುತ್ತಿತ್ತು. ಬಾಗಿಲು ತೆರೆದವಳು ತಮ್ಮನ ಹೆಂಡತಿ, ಆರು ತಿಂಗಳ ಬಸುರಿ. ಹೊರಗಿನ ತಂತಿಯ ಮೇಲೆ ತಮ್ಮನ ಅಂಗಿಗಳು ಒಣಗುತ್ತಿದ್ದವು. ಎಷ್ಟು ಒಗೆದರೂ ಹೋಗದ ಸೀಸದ ಬೂದು ಬಣ್ಣ.

"ಅತ್ತಿಗೆ, ಬನ್ನಿ. ಅವರು ನಿಮ್ಮನ್ನ ದಿನಾ ನೆನೀತಾರೆ. ಬಾಯಿಬಿಟ್ಟು ಹೇಳಲ್ಲ ಅಷ್ಟೆ."

"ಬಟ್ಟೆ ಯಾರು ಒಗೆಯೋದು?"

"ನಾನೇ. ಯಾಕೆ?"

ಅವಳು ಚೀಲದಿಂದ ಸೂಜಿ, ಕೊಳವೆ ತೆಗೆದಳು. ನಾದಿನಿ ಹೊಟ್ಟೆಯ ಮೇಲೊಂದು ಕೈಯಿಟ್ಟು ಇನ್ನೊಂದು ತೋಳು ಚಾಚಿದಳು. ಅಷ್ಟರಲ್ಲಿ ತಮ್ಮ ಬಂದು ಬಾಗಿಲಲ್ಲಿ ನಿಂತಿದ್ದ. ಇಳಿದುಹೋಗಿದ್ದ. ಒಳಗೂ ಬರಲಿಲ್ಲ, ಬೇಡವೆಂದೂ ಹೇಳಲಿಲ್ಲ.

ವರದಿ ಬಂದ ದಿನ ಫೋನ್ ಮಾಡಿದಳು. ಇಷ್ಟು ತಿಂಗಳ ಮೇಲೆ ತಮ್ಮನೇ ಮಾತಾಡಿದ. "ಎಷ್ಟಕ್ಕಾ?"

"ಮೂವತ್ತೊಂದು."

"ಹೊಟ್ಟೇಲಿರೋದಕ್ಕೂ ಹೋಗಿರತ್ತಾ?"

ಸುಳ್ಳು ಹೇಳಬಹುದಿತ್ತು. "ಹೋಗಿರತ್ತೆ ಕಣೋ. ಇಬ್ಬರೂ ನಾಳೆನೇ ಬಂದ್ಬಿಡಿ."

ಮರುದಿನ ಬಸ್‌ನಿಲ್ದಾಣದಲ್ಲಿ ಅವರು ಕಾದರು. ಮೊದಲ ಬಸ್ಸಿನಲ್ಲಿ ಯಾರೂ ಇರಲಿಲ್ಲ. ಎರಡನೆಯದರಿಂದ ನಾದಿನಿ ಒಬ್ಬಳೇ ಇಳಿದಳು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ಗಂಡ ಬಗ್ಗಿ ಬಸ್ಸಿನೊಳಗೆ ನೋಡಿದ.

"ಅವರು ಬಂದಿಲ್ಲ ಅಣ್ಣಾ" ಎಂದಳು ಅವಳು. "ಒಬ್ಬರಾದ್ರೂ ದುಡೀಬೇಕಲ್ಲ ಅಂದ್ರು. ಈಗ ರಾತ್ರಿ ಪಾಳೀನೂ ತಗೊಂಡಿದ್ದಾರೆ."

ಬಸ್ಸು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೊರಟಿತು. ಅವಳು ನಾದಿನಿಯ ಕೈಯ ಚೀಲ ತೆಗೆದುಕೊಂಡಳು.